ಆರು ವರ್ಷದ ಮಗಳಿಗೆ ಮೊದಲನೇ ಕ್ಯಾಮೆರಾ: ಆಟದ್ದೇ ಸಾಕಾ, ನಿಜದ್ದು ಬೇಕಾ?

ಫೋನ್ ಕಳ್ಕೊಂಡ ಅಪ್ಪ:
ಎಲ್ರಿಗೂ ನಮಸ್ಕಾರ. ಮಗಳು ಆರು ತುಂಬಿ ಏಳಕ್ಕೆ ಬಿದ್ದಿದ್ದಾಳೆ, ಫೋಟೋ ಹುಚ್ಚು ಹಿಡಿದಿದೆ. ನನ್ನ ಫೋನ್ ಕೈಗೆ ಸಿಕ್ರೆ ಸಾಕು ಇರುವೆ ಸಾಲು, ಬಾಗಿಲ ಚಿಲಕ, ತನ್ನ ಚಪ್ಪಲಿ, ಎಲ್ಲದ್ದೂ ಫೋಟೋ. ಅದು ಖುಷಿನೇ, ಆದ್ರೆ ಹತ್ತು ನಿಮಿಷ ಆದ್ಮೇಲೆ ನೋಡಿದ್ರೆ ಫೋಟೋ ಬಿಟ್ಟು ವಿಡಿಯೋ ನೋಡ್ತಾ ಕೂತಿರ್ತಾಳೆ, ವಾಪಸ್ ಇಸ್ಕೊಳ್ಳೋಕೆ ಹೋದ್ರೆ ಮನೆಯೆಲ್ಲಾ ರಂಪ. ಎರಡು ಸಲ ಕೆಳಗೂ ಬೀಳಿಸಿದ್ಲು. ಅದಕ್ಕೇ ಅವಳದ್ದೇ ಅಂತ ಒಂದು ಕ್ಯಾಮೆರಾ ತೆಗೆದುಕೊಡೋಣ ಅಂತ. ಆನ್‌ಲೈನಲ್ಲಿ ಹುಡುಕಿದ್ರೆ ಬೆಕ್ಕಿನ ಕಿವಿ, ಮೊಲದ ಕಿವಿ ಇರೋ ಆಟದ ಕ್ಯಾಮೆರಾಗಳೇ ತುಂಬಿವೆ, ಒಂದೊಂದ್ರಲ್ಲೂ 48 ಮೆಗಾಪಿಕ್ಸೆಲ್ ಅಂತ ಬರೆದಿದ್ದಾರೆ, ನನ್ನ ಫೋನಲ್ಲೇ ಅಷ್ಟಿಲ್ಲ! ಇವು ನಿಜಕ್ಕೂ ಚೆನ್ನಾಗಿರ್ತಾವಾ, ಇಲ್ಲಾ ಸಣ್ಣ ನಿಜವಾದ ಕ್ಯಾಮೆರಾನೇ ತಗೊಳ್ಳೋದು ಒಳ್ಳೇದಾ? ಬಳಸಿದವರು ಹೇಳಿ. ತುಂಬಾ ಬಟನ್ ಇರ್ಬಾರ್ದು, ಅಷ್ಟೇ ನನ್ನ ಬೇಡಿಕೆ.

ಸಿಂಪಲ್ ಮನುಷ್ಯ:
ಹಳೇ ಫೋನ್ ಇದ್ರೆ ಸಿಮ್ ತೆಗೆದು ವೈಫೈ ಆಫ್ ಮಾಡಿ ಕೊಡಿ. ಮುಗೀತು ಕತೆ.

ಫೋನ್ ಕಳ್ಕೊಂಡ ಅಪ್ಪ:
ಮಾಡಿ ನೋಡಿದೆ ಸರ್. ವೈಫೈ ಆನ್ ಮಾಡೋದು ನನಗಿಂತ ಚೆನ್ನಾಗಿ ಅವಳಿಗೇ ಗೊತ್ತು.

ಸ್ಕ್ರೂಡ್ರೈವರ್ ಅಣ್ಣ:
ಆ 48 ಮೆಗಾಪಿಕ್ಸೆಲ್ ವಿಷಯ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ರೂ ಬೀಳೋದು ಅಲ್ಲೇ. ನಾನು ರಿಪೇರಿ ಕೆಲಸ ಮಾಡೋನು, ಆಟದ ಕ್ಯಾಮೆರಾ ಸುಮಾರು ಬಿಚ್ಚಿದ್ದೀನಿ. ಒಳಗೆ ಬೆಳಕು ಹಿಡಿಯೋ ಸೆನ್ಸರ್ ಒಂದೋ ಎರಡೋ ಮೆಗಾಪಿಕ್ಸೆಲ್ಲಿಂದು (ಒಂದು ಮೆಗಾಪಿಕ್ಸೆಲ್ ಅಂದ್ರೆ ಹತ್ತು ಲಕ್ಷ ಚುಕ್ಕೆ) ಇರುತ್ತೆ, ಆಮೇಲೆ ಒಳಗಿನ ಚಿಪ್ಪು ಒಂದು ಚುಕ್ಕೆಯ ಅಕ್ಕಪಕ್ಕ ಊಹೆ ಮೇಲೆ ಇನ್ನೊಂದಿಪ್ಪತ್ತು ಚುಕ್ಕೆ ತುಂಬಿಸಿ ಫೋಟೋ ದೊಡ್ಡದು ಮಾಡುತ್ತೆ. ಇಂಟರ್‌ಪೊಲೇಷನ್ ಅಂತಾರೆ ಇದನ್ನ. ಹಾಲಿಗೆ ನೀರು ಬೆರೆಸಿದ ಹಾಗೆ, ಲೋಟ ತುಂಬುತ್ತೆ, ಹಾಲು ಅಷ್ಟೇ ಇರುತ್ತೆ. ಫೈಲ್ ಸೈಜ್ ಮಾತ್ರ ದೊಡ್ಡದಾಗಿ ಕಾರ್ಡ್ ಬೇಗ ತುಂಬುತ್ತೆ. ಅದರಲ್ಲಿ ಸೈಜ್ ಆರಿಸೋ ಆಪ್ಷನ್ ಇದ್ರೆ ಕಡಿಮೆದಕ್ಕೇ ಇಟ್ಬಿಡಿ, ಚಿತ್ರ ಏನೂ ಕೆಡಲ್ಲ.

ಹಾಗಂತ ಎರಡು ಮೆಗಾಪಿಕ್ಸೆಲ್ ಕಡಿಮೆ ಅಂತೇನೂ ಅಲ್ಲ. ಆಲ್ಬಮ್ಮಿಗೆ ಹಾಕೋ 6×4 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಲೆಕ್ಕ ಹಾಕಿದ್ರೆ 1800×1200, ಅಂದ್ರೆ ಇಪ್ಪತ್ತೊಂದೂವರೆ ಲಕ್ಷಕ್ಕೂ ಮೇಲೆ ಚುಕ್ಕೆ, ಎರಡು ಮೆಗಾಪಿಕ್ಸೆಲ್ ಸ್ವಲ್ಪ ದಾಟುತ್ತೆ. ಅಷ್ಟು ಸಾಕು ಮಗುಗೆ. ಆಟದ್ದರಲ್ಲಿ ಕೈಕೊಡೋದು ಚುಕ್ಕೆ ಲೆಕ್ಕ ಅಲ್ಲ, ಲೆನ್ಸು ಮತ್ತೆ ಬೆಳಕು. ಸೆನ್ಸರ್ ಸಾಸಿವೆಯಷ್ಟು, ಮನೆ ಒಳಗೆ ಸಂಜೆ ಹೊತ್ತು ತೆಗೆದ್ರೆ ಬರೀ ಮರಳು ಎರಚಿದ ಹಾಗೆ ಬರುತ್ತೆ. ಇನ್ನೊಂದು ವಿಷಯ, ಇದು ಮುಖ್ಯ: ಹೆಚ್ಚಿನ ಆಟದ ಕ್ಯಾಮೆರಾಗಳಲ್ಲಿ ಫೋಕಸ್ ಫಿಕ್ಸ್ ಆಗಿರುತ್ತೆ, ಲೆನ್ಸ್ ಹಿಂದೆಮುಂದೆ ಹೋಗೋದೇ ಇಲ್ಲ. ತೀರಾ ಹತ್ತಿರ ಹೋದ್ರೆ ಎಲ್ಲಾ ಮಸುಕು. ನಿಮ್ಮ ಮಗಳು ಇರುವೆ ಸಾಲು ತೆಗೀತಾಳೆ ಅಂದ್ರಲ್ಲ, ಆಟದ್ದರಲ್ಲಿ ಆ ಇರುವೆ ಬರಲ್ಲ ನೋಡಿ.

ಎರಡು ಗಂಡುಮಕ್ಕಳ ತಾಯಿ:
ಅಣ್ಣ ಹೇಳಿದ್ದು ಸರಿ ಇರಬಹುದು, ಆದ್ರೆ ಆಟದ ಕ್ಯಾಮೆರಾ ಪೂರ್ತಿ ದಂಡ ಅನ್ನೋದು ಬೇಡ. ನನ್ನ ಚಿಕ್ಕವನಿಗೆ ನಾಲ್ಕು ವರ್ಷ ಇದ್ದಾಗ ಕೊಡಿಸಿದ್ದೆ, ದಿನಕ್ಕೆ ಇನ್ನೂರು ಫೋಟೋ, ಅದರಲ್ಲಿ ನೂರೈವತ್ತು ಅವನ ಹೆಬ್ಬೆರಳು. ಮೆಟ್ಟಿಲ ಮೇಲಿಂದ ಉರುಳಿದೆ, ಬಕೆಟ್ ನೀರಲ್ಲೂ ಒಂದು ಸಲ ಬಿದ್ದಿದೆ (ಅದಾದ್ಮೇಲೆ ಸ್ಪೀಕರ್ ಮಾತ್ರ ಹೋಯ್ತು, ನಮಗೆ ನೆಮ್ಮದಿನೇ ಆಯ್ತು ಅನ್ನಿ). ಆ ವಯಸ್ಸಿಗೆ ಅದು ಸರಿ. ನನ್ನ ತಕರಾರು ಬೇರೆ, ಅದರೊಳಗೆ ಐದಾರು ಗೇಮ್ ಹಾಕಿಟ್ಟಿದ್ರು, ಒಂದು ವಾರ ಫೋಟೋ ತೆಗೆದ, ಎರಡನೇ ವಾರದಿಂದ ಬರೀ ಹಾವಿನ ಆಟ. ನೀವು ಫೋನಿಂದ ಬಿಡಿಸೋಕೆ ಅಂತಾನೇ ಕ್ಯಾಮೆರಾ ತಗೊಳ್ತಿರೋದು, ಅದರೊಳಗೂ ಆಟ ಇದ್ರೆ ಏನು ಬಂತು ಪ್ರಯೋಜನ? ತಗೊಳ್ಳೋ ಮುಂಚೆ ಗೇಮ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ದೊಡ್ಡವನಿಗೆ ಎಂಟು ವರ್ಷಕ್ಕೆ ಕೊಡಿಸಿದ್ದು ನಿಜದ್ದೇ. ಅವನು ಆಟದ್ದನ್ನ ಮುಟ್ಟಿಯೂ ನೋಡಲಿಲ್ಲ, "ಇದು ಪಾಪುದು" ಅಂದ.

ಬಿಸಿಲು ಬೆಳಕು:
ನಾನು ಶಾಲೆಮಕ್ಕಳಿಗೆ ರಜೆಯಲ್ಲಿ ಫೋಟೋ ತೆಗೆಯೋದು ಹೇಳ್ಕೊಡ್ತೀನಿ, ಆರರಿಂದ ಹನ್ನೆರಡು ವರ್ಷದವರು. ನನ್ನ ಅನುಭವದ ಮೇಲೆ ಹೇಳೋದಾದ್ರೆ ಮಗು ಕ್ಯಾಮೆರಾ ಬಿಟ್ಟುಬಿಡೋಕೆ ಕಾರಣ ಚಿತ್ರ ಚೆನ್ನಾಗಿ ಬರಲ್ಲ ಅನ್ನೋದಲ್ಲ, ಬಟನ್ ಒತ್ತಿದ ತಕ್ಷಣ ಫೋಟೋ ಬರಲ್ಲ ಅನ್ನೋದು. ಬೆಕ್ಕು ನೆಗೀತು, ಮಗು ಒತ್ತಿತು, ಕ್ಯಾಮೆರಾ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಕ್ಲಿಕ್ ಅಂತು, ಫೋಟೋದಲ್ಲಿ ಬರೀ ಗೋಡೆ. ನಾಲ್ಕು ಸಲ ಹೀಗಾದ್ರೆ ಮಗು ತಾನೇ ದಡ್ಡ ಅಂದ್ಕೊಳ್ಳುತ್ತೆ. ಅದಕ್ಕೇ ನಾನು ಯಾವ ಕ್ಯಾಮೆರಾ ಆದ್ರೂ ಮೊದಲು ನೋಡೋದು ಇದನ್ನೇ: ಆನ್ ಮಾಡಿದ್ಮೇಲೆ ಎಷ್ಟು ಹೊತ್ತಿಗೆ ರೆಡಿ ಆಗುತ್ತೆ, ಒತ್ತಿದ್ಮೇಲೆ ಎಷ್ಟು ಹೊತ್ತಿಗೆ ತೆಗೆಯುತ್ತೆ, ಮುಂದಿನದಕ್ಕೆ ಎಷ್ಟು ಹೊತ್ತು ಕಾಯಿಸುತ್ತೆ.

ಜೇಬಲ್ಲಿ ಹಿಡಿಯೋ ನಿಜವಾದ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲೂ ತಡ ಇರುತ್ತೆ, ಆದ್ರೆ ಬಟನ್ ಅರ್ಧ ಒತ್ತಿ ಹಿಡ್ಕೊಂಡ್ರೆ ಫೋಕಸ್ ಮೊದಲೇ ಆಗಿರುತ್ತೆ, ಪೂರ್ತಿ ಒತ್ತಿದಾಗ ತಕ್ಷಣ ತೆಗೆಯುತ್ತೆ. ಆರು ವರ್ಷದ ಬೆರಳಿಗೆ ಅರ್ಧ ಒತ್ತೋದು ಮೊದಲ ದಿನ ಬರಲ್ಲ, ಮೂರನೇ ದಿನಕ್ಕೆ ಬಂದಿರುತ್ತೆ. ನಾನು "ಬಟನ್ನಿಗೆ ಕಚಗುಳಿ ಇಡು, ಬೀಪ್ ಅಂದ್ಮೇಲೆ ಒತ್ತು" ಅಂತ ಹೇಳ್ಕೊಡ್ತೀನಿ.

ಹತ್ತಿರದ ಫೋಟೋ ವಿಷಯಕ್ಕೆ ಸ್ಕ್ರೂಡ್ರೈವರ್ ಅಣ್ಣನಿಗೆ ನೂರಕ್ಕೆ ನೂರು. ಮಕ್ಕಳ ಲೋಕ ಇರೋದೇ ಮೊಣಕಾಲಿಂದ ಕೆಳಗೆ. ಕಲ್ಲು, ಹುಳ, ಗುಂಡಿ ನೀರು. ಹೂವಿನ ಗುರುತು ಇರೋ ಮೋಡ್ ಇರುತ್ತಲ್ಲ, ಅದೇ ಮ್ಯಾಕ್ರೋ, ಆ ಒಂದು ಬಟನ್ ಹೇಳ್ಕೊಡಿ ಸಾಕು. ಝೂಮ್ ಮಾಡಿ ಹತ್ತಿರ ಹೋದ್ರೆ ಫೋಕಸ್ ಸಿಗಲ್ಲ, ಝೂಮ್ ಪೂರ್ತಿ ಹಿಂದಕ್ಕೆ ತಂದು ಕ್ಯಾಮೆರಾನೇ ಹತ್ತಿರ ತಗೊಂಡು ಹೋಗ್ಬೇಕು, ದೊಡ್ಡೋರೂ ಇಲ್ಲೇ ಎಡವೋದು.

ಎರಡು ಗಂಡುಮಕ್ಕಳ ತಾಯಿ:
ಮೇಡಂ ಕಚಗುಳಿ ಉಪಾಯ ಸೂಪರ್ 😄 ಒಂದು ಡೌಟು, ಚಿಕ್ಕೋರಿಗೆ ಕಣ್ಣಿಟ್ಟು ನೋಡೋ ಕಿಂಡಿ ಒಳ್ಳೇದಾ ಸ್ಕ್ರೀನ್ ಒಳ್ಳೇದಾ?

ಬಿಸಿಲು ಬೆಳಕು:
ತೀರಾ ಚಿಕ್ಕೋರಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡೋದೇ ಬರಲ್ಲ ಅಕ್ಕ, ಎರಡೂ ಮುಚ್ಕೊಳ್ತಾರೆ. ಅದಕ್ಕೇ ಫಿಶರ್ ಪ್ರೈಸ್, ವಿಟೆಕ್ ಅನ್ನೋ ಆಟಿಕೆ ಕಂಪನಿಗಳ ಕೆಲವು ಮಾಡೆಲ್ಲಲ್ಲಿ ದುರ್ಬೀನಿನ ತರ ಎರಡು ಕಿಂಡಿ ಇಟ್ಟಿದ್ರು, ಒಳ್ಳೇ ಯೋಚನೆ ಅದು. ಆರು ದಾಟಿದ್ರೆ ಸ್ಕ್ರೀನ್ ಸಾಕು. ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ ಅನ್ನೋದೊಂದೇ ಕಾಟ.

ನೀರಾನೆ:
ಇಷ್ಟೆಲ್ಲಾ ಯಾಕೆ, ವಾಟರ್‌ಪ್ರೂಫ್ ತಗೊಳ್ಳಿ ಅಷ್ಟೇ. ನಿಕಾನ್ ಕೂಲ್‌ಪಿಕ್ಸ್ ಡಬ್ಲ್ಯೂ150 ಅಂತ ಬರ್ತಿತ್ತು, 2019ರದ್ದು, ಮಕ್ಕಳಿಗೆ ಅಂತಾನೇ ಮೆನು ಇತ್ತು, 10 ಮೀಟರ್ ನೀರೊಳಗೆ ತಡ್ಕೊಳ್ಳುತ್ತೆ, 1.8 ಮೀಟರ್ ಎತ್ತರದಿಂದ ಬಿದ್ರೂ ತಡ್ಕೊಳ್ಳೋ ಹಾಗೆ ಮಾಡಿದ್ರು. ಈಗ ಸೆಕೆಂಡ್ ಹ್ಯಾಂಡೇ ಹುಡುಕ್ಬೇಕು. ಲೆನ್ಸ್ ಹೊರಗೆ ಬರೋದೇ ಇಲ್ಲ, ಅದೇ ದೊಡ್ಡ ಲಾಭ. ಸಾಮಾನ್ಯ ಕಾಂಪ್ಯಾಕ್ಟ್ ಸಾಯೋದೇ ಲೆನ್ಸ್ ಹೊರಗಿದ್ದಾಗ ಬಿದ್ದು.

ಕೊಡಾಕ್ ಪಿಕ್ಸ್‌ಪ್ರೋ ಡಬ್ಲ್ಯೂಪಿಝಡ್2 ಕೂಡ ಇದೇ ಜಾತಿ, 15 ಮೀಟರ್. ಒಲಿಂಪಸ್ ಟಫ್ ಟಿಜಿ-6 ರಾಜ, 1 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಮಾಡುತ್ತೆ, ಇರುವೆ ಮೀಸೆ ಎಣಿಸಬಹುದು, ಆದ್ರೆ ಮಗುಗೆ ಅಂತ ಕೊಡಿಸಿದ್ರೆ ನೀವೇ ಇಟ್ಕೊಳ್ತೀರಿ.

ಸ್ಕ್ರೂಡ್ರೈವರ್ ಅಣ್ಣ:
ನೀರಾನೆ ಗುರು, ವಾಟರ್‌ಪ್ರೂಫ್ ನನ್ನ ಟೇಬಲ್ಲಿಗೆ ಬರೋದೇ ನೀರು ನುಗ್ಗಿ 😀 ಬ್ಯಾಟರಿ ಬಾಗಿಲ ಸುತ್ತ ಒಂದು ರಬ್ಬರ್ ಪಟ್ಟಿ ಇರುತ್ತೆ, ಅದರ ಮೇಲೆ ಒಂದು ಕಾಳು ಮರಳೋ ಒಂದು ಕೂದಲೋ ಕೂತ್ರೆ ಆ 10 ಮೀಟರ್ ಲೆಕ್ಕವೆಲ್ಲಾ ಬಿಟ್ಟುಬಿಡಿ, ಬಕೆಟ್ಟಲ್ಲೇ ಹೋಗುತ್ತೆ. ರಬ್ಬರ್ ಹಳೇದಾದಷ್ಟೂ ಬಿರುಸಾಗುತ್ತೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ವಾಟರ್‌ಪ್ರೂಫ್ ತಗೊಂಡ್ರೆ ಮಳೆಹನಿಗೆ ತಡ್ಕೊಳ್ಳುತ್ತೆ ಅಂತ ಮಾತ್ರ ನಂಬಿ, ಮುಳುಗಿಸೋಕೆ ಹೋಗಬೇಡಿ. ಮತ್ತೆ ಆ ಬಾಗಿಲನ್ನ ಮಗು ತೆಗೀಬಾರದು, ಕಾರ್ಡ್ ತೆಗೆಯೋದು ಚಾರ್ಜ್ ಮಾಡೋದು ದೊಡ್ಡವರ ಕೆಲಸ. ಬಿದ್ರೆ ಒಡೆಯಲ್ಲ ಅನ್ನೋದು ಒಪ್ಪಿದೆ.

ಹಳೇ ಡಬ್ಬ ಪ್ರೇಮಿ:
ನನ್ನ ವೋಟು ಹತ್ತು ಹದಿನೈದು ವರ್ಷ ಹಳೇ ಕಾಂಪ್ಯಾಕ್ಟಿಗೆ. ಮನೆ ಬೀರು ತಡಕಿ, ಇಲ್ಲಾ ನೆಂಟರ ಬೀರು ತಡಕಿ, ಎಲ್ರ ಹತ್ರನೂ ಒಂದು ಇರುತ್ತೆ, ಫೋನ್ ಬಂದ್ಮೇಲೆ ಯಾರೂ ಮುಟ್ಟಿರಲ್ಲ. ಕ್ಯಾನನ್ ಇಕ್ಸಸ್, ಪವರ್‌ಶಾಟ್ ಎ ಸರಣಿ, ಸೋನಿ ಸೈಬರ್‌ಶಾಟ್, ಯಾವುದಾದ್ರೂ ನಡೆಯುತ್ತೆ. ನಿಜವಾದ ಆಟೋಫೋಕಸ್, ಲೆನ್ಸಿಂದಲೇ ಆಗೋ ನಿಜವಾದ ಆಪ್ಟಿಕಲ್ ಝೂಮ್, ನಿಜವಾದ ಫ್ಲ್ಯಾಶ್. ಆಟದ್ದರ ಝೂಮ್ ಬರೀ ಕತ್ತರಿಸಿ ಹಿಗ್ಗಿಸೋದು. ಒಡೆದ್ರೂ ಹೊಟ್ಟೆ ಉರಿಯಲ್ಲ, ಇದಕ್ಕಿಂತ ಒಳ್ಳೇ ಗುಣ ಬೇಕಾ ಮಗು ಕ್ಯಾಮೆರಾಗೆ?

ಆದ್ರೆ ತಗೊಳ್ಳೋ ಮುಂಚೆ ಕಾರ್ಡ್ ನೋಡಿ, ನಾನು ಇಲ್ಲಿ ಪೆಟ್ಟು ತಿಂದಿದ್ದೀನಿ. ಎಸ್‌ಡಿಎಚ್‌ಸಿ ಕಾರ್ಡ್, ಅಂದ್ರೆ 2 ಜಿಬಿ ದಾಟಿ 32 ಜಿಬಿ ವರೆಗಿನದ್ದು, ಬಂದಿದ್ದು 2006ರಲ್ಲಿ. ಅದಕ್ಕಿಂತ ಹಳೇ ಕ್ಯಾಮೆರಾಗೆ 2 ಜಿಬಿ ವರೆಗಿನ ಸಾದಾ ಎಸ್‌ಡಿ ಕಾರ್ಡೇ ಬೇಕು, ಈಗಿನ 32 ಜಿಬಿ ಹಾಕಿದ್ರೆ ಎರರ್ ಅನ್ನುತ್ತೆ. 32ಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ, 2009ರ ನಂತರದ್ದು, ಅದೂ ಎಲ್ಲದಕ್ಕೂ ಆಗಲ್ಲ. ಹಳೇ ಒಲಿಂಪಸ್ ಫ್ಯೂಜಿಗಳಲ್ಲಿ ಎಕ್ಸ್‌ಡಿ ಕಾರ್ಡ್, ಹಳೇ ಸೋನಿಗಳಲ್ಲಿ ಮೆಮೊರಿ ಸ್ಟಿಕ್, ಇವೆರಡು ಕಂಡ್ರೆ ಕೈಮುಗಿದು ವಾಪಸ್ ಬನ್ನಿ, ಕಾರ್ಡ್ ಹುಡುಕೋದೇ ಒಂದು ಉದ್ಯೋಗ ಆಗುತ್ತೆ. ಚಾರ್ಜರ್ ಜೊತೆಗಿದೆಯಾ ಕೇಳಿ. ಬ್ಯಾಟರಿ ಊದಿಕೊಂಡಿದ್ರೆ ಅದನ್ನ ಚಾರ್ಜ್ ಮಾಡೋ ಸಾಹಸ ಬೇಡ.

ಸಿಂಪಲ್ ಮನುಷ್ಯ:
ಡಬಲ್ ಎ ಸೆಲ್ ಹಾಕೋದು ತಗೊಂಡ್ರೆ ಈ ಚಾರ್ಜರ್ ಗೋಳೇ ಇಲ್ಲ ಅಲ್ವಾ?

ಹಳೇ ಡಬ್ಬ ಪ್ರೇಮಿ:
ಹೌದು, ಹೊಸದರಲ್ಲೂ ಕೊಡಾಕ್ ಎಫ್‌ಝಡ್45 ಎರಡು ಡಬಲ್ ಎ ಸೆಲ್ಲಲ್ಲೇ ಓಡುತ್ತೆ. ಆದ್ರೆ ಸಾದಾ ಸೆಲ್ ಹಾಕಿದ್ರೆ ಫ್ಲ್ಯಾಶ್ ನಾಲ್ಕು ಸಲ ಹೊಡೆಯೋಷ್ಟರಲ್ಲಿ ಸುಸ್ತಾಗುತ್ತೆ. ಚಾರ್ಜ್ ಮಾಡೋ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಎರಡು ಜೊತೆ ಇಟ್ಕೊಳ್ಳಿ. ಅದರ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತೆ, ಸಾದಾದ್ದು 1.5. ಕಡಿಮೆ ಅಂತ ಹೆದರಬೇಡಿ, ಜೋರಾಗಿ ಕರೆಂಟ್ ಎಳೆದಾಗ ಇದೇ ಹೆಚ್ಚು ಬಾಳೋದು.

ಸ್ಕ್ರೂಡ್ರೈವರ್ ಅಣ್ಣ:
ಹಳೇ ಕ್ಯಾಮೆರಾ ಮಾತು ಬಂತಲ್ಲ, ಒಂದು ಎಚ್ಚರಿಕೆ, ದಯವಿಟ್ಟು ಓದಿ. ಕೆಟ್ಟುಹೋದ ಫ್ಲ್ಯಾಶ್ ಕ್ಯಾಮೆರಾನ ಮನೇಲಿ ಬಿಚ್ಚಬೇಡಿ, ಮಗು ಕೈಗೆ ಬಿಚ್ಚಿ ಆಡು ಅಂತಾನೂ ಕೊಡಬೇಡಿ. ಫ್ಲ್ಯಾಶಿಗೆ ಕರೆಂಟ್ ಕೂಡಿಡೋ ಕೆಪಾಸಿಟರಲ್ಲಿ 300 ವೋಲ್ಟ್ ಹತ್ರ ಇರುತ್ತೆ, ಬ್ಯಾಟರಿ ತೆಗೆದ್ಮೇಲೂ ಉಳಿದಿರುತ್ತೆ. ಇಪ್ಪತ್ತು ವರ್ಷದ ಕೆಲಸದಲ್ಲಿ ನನಗೆ ಮೂರು ಸಲ ಹೊಡೆದಿದೆ, ಮೂರೂ ಸಲ ತಪ್ಪು ನನ್ನದೇ. ಇನ್ನೊಂದು, ಅಗ್ಗದ ಆಟಿಕೆಗಳಲ್ಲಿ ಬಟನ್ ಸೆಲ್ ಇದ್ರೆ ಅದರ ಮುಚ್ಚಳ ಸ್ಕ್ರೂ ಹಾಕಿ ಬಿಗಿದಿರಬೇಕು. ಚಿಕ್ಕ ಮಗು ನುಂಗಿದ್ರೆ ಅನ್ನನಾಳ ಎರಡು ಗಂಟೆಯೊಳಗೆ ಸುಟ್ಟುಹೋಗಬಹುದು. ಮನೇಲಿ ಪುಟ್ಟ ತಮ್ಮ ತಂಗಿ ಇದ್ರೆ ಇದನ್ನ ಖಂಡಿತ ನೋಡಿ. ಕುತ್ತಿಗೆಗೆ ಹಾಕೋ ದಾರಕ್ಕಿಂತ ಮಣಿಕಟ್ಟಿನ ದಾರ ವಾಸಿ, ಕುತ್ತಿಗೆದೇ ಬೇಕಂದ್ರೆ ಎಳೆದ್ರೆ ಬಿಚ್ಚಿಕೊಳ್ಳೋ ಕ್ಲಿಪ್ ಇರೋದು.

ಕಾಡು ಹರಟೆ:
ಎಲ್ರೂ ಸೀರಿಯಸ್ಸಾಗಿ ಮಾತಾಡ್ತಿದ್ದೀರಿ, ಮಧ್ಯ ಒಂದು ಹರಟೆ. ಕೊಡಾಕಲ್ಲಿ ಸ್ಟೀವನ್ ಸ್ಯಾಸನ್ ಅನ್ನೋ ಎಂಜಿನಿಯರ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದಾಗ ಅದರಲ್ಲಿ ಇದ್ದಿದ್ದು 100×100 ಚುಕ್ಕೆ, ಅಂದ್ರೆ 0.01 ಮೆಗಾಪಿಕ್ಸೆಲ್, ಕಪ್ಪುಬಿಳುಪು, ಒಂದು ಫೋಟೋನ ಕ್ಯಾಸೆಟ್ ಟೇಪಿಗೆ ಬರೆಯೋಕೆ 23 ಸೆಕೆಂಡ್, ತೂಕ ಮೂರೂವರೆ ಕಿಲೋ ಮೇಲೆ. ನಮ್ಮ ಬೆಕ್ಕಿನ ಕಿವಿ ಕ್ಯಾಮೆರಾನ ಬೈಯೋ ಮುಂಚೆ ಸ್ವಲ್ಪ ಯೋಚಿಸಿ ಮಾರಾಯ್ರೆ.

ಬಿಸಿಲು ಬೆಳಕು:
23 ಸೆಕೆಂಡಾ! ಬೆಕ್ಕು ಪಕ್ಕದ ಮನೆಗೆ ಹೋಗಿ ಹಾಲು ಕುಡಿದು ವಾಪಸ್ ಬಂದಿರುತ್ತೆ.

ಅನುಮಾನದ ಅಮ್ಮ:
ಕ್ಯಾಮೆರಾಗೆ ವೈಫೈ, ಆ್ಯಪ್ ಇರೋದ್ರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅಂಥದ್ದನ್ನ ಮನೆಗೆ ತರಲ್ಲ. 2015ರಲ್ಲಿ ವಿಟೆಕ್ ಕಂಪನಿಯ ಸರ್ವರಿಗೆ ಕನ್ನ ಬಿದ್ದು ಲಕ್ಷಾಂತರ ಮಕ್ಕಳ ವಿವರ ಹೊರಗೆ ಹೋಗಿತ್ತು, ನೆನಪಿದೆ ತಾನೆ?

ಹಳೇ ಡಬ್ಬ ಪ್ರೇಮಿ:
ಅಕ್ಕ, ಅದು ಕ್ಯಾಮೆರಾದಿಂದ ಹೋಗಿದ್ದಲ್ಲ, ಅವರ ಆ್ಯಪ್ ಅಂಗಡಿ ಖಾತೆಗಳಿಂದ ಹೋಗಿದ್ದು. ಆದ್ರೂ ನಿಮ್ಮ ಮಾತು ಸರಿನೇ. ಮಗು ಹೆಸರು, ಹುಟ್ಟಿದ ದಿನ ಹಾಕಿ ಖಾತೆ ತೆರಿ ಅನ್ನೋ ಕ್ಯಾಮೆರಾ ಬೇಡ. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದ್ರೆ ಫೋಟೋ ಬರುತ್ತೆ, ಇನ್ನೇನು ಬೇಕು.

ಎರಡು ಗಂಡುಮಕ್ಕಳ ತಾಯಿ:
ತೆಗೆದ ತಕ್ಷಣ ಚೀಟಿ ತರ ಪ್ರಿಂಟ್ ಬರುತ್ತಲ್ಲ, ಅದು ಯಾರಾದ್ರೂ ತಗೊಂಡಿದ್ದೀರಾ? ಚಿಕ್ಕವನು ಅದೇ ಬೇಕು ಅಂತ ಹಠ.

ಸ್ಕ್ರೂಡ್ರೈವರ್ ಅಣ್ಣ:
ಅದು ಬಿಲ್ಲು ಬರುತ್ತಲ್ಲ ಅಂಗಡೀಲಿ, ಅದೇ ಥರ್ಮಲ್ ಪೇಪರ್. ಶಾಯಿ ಇಲ್ಲ, ಬಿಸಿಗೆ ಕಾಗದ ಕಪ್ಪಾಗೋದು. ಖುಷಿ ಕೊಡುತ್ತೆ, ಗೋಡೆಗೆ ಅಂಟಿಸಿದ್ರೆ ಬಿಸಿಲಿಗೆ ನಿಧಾನಕ್ಕೆ ಮಾಯ ಆಗುತ್ತೆ. ಕಾಗದ ತಗೊಳ್ಳುವಾಗ ಬಿಪಿಎ ಅನ್ನೋ ರಾಸಾಯನಿಕ ಇಲ್ಲದ್ದು ಅಂತ ಬರೆದಿರೋದೇ ನೋಡಿ, ಯುರೋಪಲ್ಲಿ 2020ರಿಂದ ಅದಕ್ಕೆ ನಿರ್ಬಂಧ ಇದೆ. ಮಕ್ಕಳು ಅದನ್ನ ಬಾಯಿಗೂ ಇಡ್ತಾರೆ.

ನೀರಾನೆ:
ಈಗ ಸ್ಕ್ರೀನೇ ಇಲ್ಲದ ಕ್ಯಾಂಪ್ ಸ್ನ್ಯಾಪ್ ಅಂತ ಬಂದಿದೆ, 8 ಮೆಗಾಪಿಕ್ಸೆಲ್, ಒತ್ತೋದು ಅಷ್ಟೇ, ಫೋಟೋ ನೋಡೋಕೆ ಕಂಪ್ಯೂಟರ್ ಬೇಕು. ಹಳೇ ರೀಲ್ ಕ್ಯಾಮೆರಾ ತರ. ಫೋನ್ ಕಳ್ಕೊಂಡ ಅಪ್ಪನಿಗೆ ಇದೇ ಸರಿ ಅನ್ಸುತ್ತೆ.

ಬಿಸಿಲು ಬೆಳಕು:
ಹತ್ತು ವರ್ಷದವರಿಗೆ ಒಪ್ಪುತ್ತೆ. ಆರು ವರ್ಷಕ್ಕೆ ನನಗೆ ಒಪ್ಪಿಗೆ ಇಲ್ಲ, ಅದೂ ಮೊದಲನೇದಕ್ಕೆ. ತೆಗೆದ ತಕ್ಷಣ ನೋಡಿ, "ಓ ತಲೆ ಕಟ್ ಆಯ್ತು" ಅಂತ ತಾನೇ ಅಂದ್ಕೊಂಡು ಮತ್ತೆ ತೆಗೀತಾರಲ್ಲ, ಆ ವಯಸ್ಸಲ್ಲಿ ಕಲಿಕೆ ಆಗೋದೇ ಹಾಗೆ. ಮೂರು ದಿನ ಬಿಟ್ಟು ತೋರಿಸಿದ್ರೆ ಅದು ತಾನೇ ತೆಗೆದಿದ್ದು ಅನ್ನೋದೂ ಮರೆತಿರ್ತಾರೆ.

ನೀರಾನೆ:
ಹ್ಮ್. ಸರಿ ಮೇಡಂ, ಸೋತೆ.

ಫೋನ್ ಕಳ್ಕೊಂಡ ಅಪ್ಪ:
ಎರಡು ವಾರ ಆಯ್ತು, ಅಪ್‌ಡೇಟ್ ಹಾಕ್ಬೇಕಿತ್ತು. ಹಳೇ ಡಬ್ಬ ಪ್ರೇಮಿ ಮಾತು ಕೇಳಿ ಅಕ್ಕನ ಮನೆ ಬೀರು ತಡಕಿದೆ, ಕ್ಯಾನನ್ ಕಾಂಪ್ಯಾಕ್ಟ್ ಒಂದು ಕಾಲುಚೀಲದೊಳಗೆ ಸಿಕ್ತು! ಬ್ಯಾಟರಿ ಪೂರ್ತಿ ಸತ್ತಿತ್ತು, ಹೊಸದು ಹಾಕಿಸಿದೆ. ಕಾರ್ಡ್ 8 ಜಿಬಿ ತಗೊಳ್ತು. ತಾರೀಖು ಎಲ್ಲಾ ಫೋಟೋದಲ್ಲೂ 2008 ಅಂತ ಬರ್ತಿದೆ, ಅವಳು ಹುಟ್ಟೋದಕ್ಕೆ ಎಷ್ಟೋ ವರ್ಷ ಮುಂಚೆ ತೆಗೆದ ಹಾಗೆ, ಸೆಟ್ ಮಾಡಿದೆ ಆಮೇಲೆ. ಸೂರ್ಯನ ಕಡೆ ಹಿಡೀಬೇಡ, ದಾರ ಕೈಗೆ ಹಾಕ್ಕೋ, ಇವೆರಡೇ ರೂಲ್ಸ್ ಹೇಳಿದ್ದು. ಕಚಗುಳಿ ಎರಡೇ ದಿನಕ್ಕೆ ಕಲಿತಳು ಮೇಡಂ.

ಹೂವಿನ ಬಟನ್ ನಾನು ಹೇಳ್ಕೊಡೋದು ಮರೆತಿದ್ದೆ. ಮೊನ್ನೆ ಕಂಪ್ಯೂಟರಿಗೆ ಹಾಕಿ ನೋಡ್ತೀನಿ, 140 ಫೋಟೋದಲ್ಲಿ ಅರವತ್ತಕ್ಕೆ ಮೇಲೆ ಒಂದೇ ಬಸವನಹುಳು. ಮೊದಲ ಮೂವತ್ತು ಪೂರ್ತಿ ಮಸುಕು, ಆಮೇಲೆ ಒಂದೊಂದೇ ಬಟನ್ ಒತ್ತಿ ನೋಡಿರಬೇಕು, ಒಂದು ಫೋಟೋ ಹಳದಿ, ಒಂದು ಫೋಟೋ ಕತ್ತಲೆ, ಒಂದರಲ್ಲಿ ಟೈಮರ್ ಬಿದ್ದು ಅವಳದ್ದೇ ಮೂಗು, ಅದಾದ್ಮೇಲೆ ಸಡನ್ನಾಗಿ ಹುಳದ ಕೊಂಬು ತುದಿ ಸಮೇತ ಕಾಣ್ತಿದೆ. ನಾನು ಎರಡು ಸಲ ನೋಡಿದೆ ಆ ಸಾಲನ್ನ.

ಆದ್ರೆ ಒಂದು ತೊಂದರೆ, ಅದಕ್ಕೇ ಬಂದಿದ್ದು. ನಿನ್ನೆಯಿಂದ ಒಂದು ಫೋಟೋನೂ ತೆಗೀತಿಲ್ಲ, ಒತ್ತಿದ್ರೆ ಸ್ಕ್ರೀನಲ್ಲಿ ಬೀಗದ ಚಿತ್ರ ಬರುತ್ತೆ, ಮಗಳು ಅಳ್ತಾ ಕೂತಿದ್ದಾಳೆ. ಕೆಟ್ಟೋಯ್ತಾ ಅಣ್ಣ?

ಸ್ಕ್ರೂಡ್ರೈವರ್ ಅಣ್ಣ:
ಕಂಪ್ಯೂಟರಿಗೆ ಹಾಕುವಾಗ ಕಾರ್ಡ್ ತೆಗೆದ್ರಲ್ಲ, ಅದರ ಎಡಗಡೆ ಅಂಚಲ್ಲಿ ಅಕ್ಕಿಕಾಳಷ್ಟು ಒಂದು ಸ್ವಿಚ್ ಇದೆ, ಅದೇ ಆ ಬೀಗ, ಉಗುರಲ್ಲಿ ಮೇಲಕ್ಕೆ ತಳ್ಳಿ.

ಫೋನ್ ಕಳ್ಕೊಂಡ ಅಪ್ಪ:
ಅಯ್ಯೋ. ಸರಿ ಹೋಯ್ತು. ಮೊದಲ ಫೋಟೋ ನನ್ನ ಉಗುರಿಂದೇ ತೆಗೆದ್ಲು.